ಹಳೆ ಕಂಪ್ಯೂಟರ್‌ಗೆ ಲಿನಕ್ಸ್: ಮೊದಲ ದಿನದ ಪುಟವನ್ನು ಕನ್ನಡದಲ್ಲಿ ಬರೆಯುವವರು ಯಾರು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಅವತ್ತು ಯಾವ ಕಂಪ್ಯೂಟರೂ ಬಂದ್ ಬೀಳಲಿಲ್ಲ. ಈಗಲೂ ಆನ್ ಆಗುತ್ತದೆ, ಬಿಲ್ಲೂ ಹೊಡೆಯುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತೆಯ ತೂತುಗಳನ್ನು ಮುಚ್ಚುವ ಉಚಿತ ಅಪ್‌ಡೇಟ್ ಬರುವುದು ನಿಂತುಹೋಯಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಅವಧಿ ಕೊಟ್ಟಿದ್ದಾರೆ, ಅಷ್ಟೇ. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹೊಸ ಪ್ರೊಸೆಸರ್ ಬೇಕು. ಸುಮಾರು 2018ಕ್ಕಿಂತ ಹಿಂದಿನ ಹೆಚ್ಚಿನ ಕಂಪ್ಯೂಟರ್‌ಗಳು ಆ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಇಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಅಂಗಡಿಗಳ ಕೌಂಟರ್ ಮೇಲಿರುವುದು, ಮನೆಯಲ್ಲಿ ಮಕ್ಕಳಿಗೆ ಅಂತ ತಂದಿಟ್ಟಿರುವುದು ಹೆಚ್ಚಾಗಿ ಇಂಥ ಹಳೆ ಪೆಟ್ಟಿಗೆಗಳೇ. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಅಣ್ಣನೋ ಭಾವನೋ ಗಲ್ಫ್‌ನಿಂದ ಬರುವಾಗ ತಂದ ಲ್ಯಾಪ್‌ಟಾಪ್. ನಿಧಾನವಾಯಿತು ಅಂದರೆ ಅಂಗಡಿಗೆ ಕೊಟ್ಟು "ಫಾರ್ಮ್ಯಾಟ್ ಹೊಡೆಸೋದು", ಅವರು ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿ ಕೊಡೋದು. ಆ ಕ್ರ್ಯಾಕ್ ಕೆಲಸ ಮಾಡಬೇಕಾದರೆ ಎಷ್ಟೋ ಸಲ ಮೊದಲು ಆಂಟಿವೈರಸ್ಸನ್ನೇ ಆಫ್ ಮಾಡಬೇಕು. ಅದು ಹಲಾಲೋ ಹರಾಮೋ ಎಂಬುದನ್ನು ಉಸ್ತಾದರು ಹೇಳಲಿ, ನಾನು ವ್ಯಾಪಾರಿಯ ಲೆಕ್ಕ ಮಾತ್ರ ಹೇಳುತ್ತೇನೆ: ಕಾವಲುಗಾರನನ್ನು ಮನೆಗೆ ಕಳಿಸಿ, ಗುರುತಿಲ್ಲದವನ ಕೈಗೆ ಅಂಗಡಿಯ ಕೀ ಕೊಟ್ಟ ಹಾಗೆ. ಅದೇ ಕಂಪ್ಯೂಟರಿನಲ್ಲಿ ನಾವು ಬ್ಯಾಂಕಿನ ಕೆಲಸ, ಜಿಎಸ್‌ಟಿ ಕೆಲಸ ಎರಡನ್ನೂ ಮಾಡುತ್ತೇವೆ.

ಇದಕ್ಕೆ ದಾರಿ ಉಂಟು, ಅದೂ ಫುಕ್ಕಟೆ. ಲಿನಕ್ಸ್ ಮಿಂಟ್, ಉಬುಂಟು ಇಂಥವುಗಳ ಹೆಸರನ್ನು ಯುವಕರು ಕೇಳಿರುತ್ತೀರಿ. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ಶುರು ಮಾಡಿದ ಲಿನಕ್ಸ್, ಅದಕ್ಕೂ ಮೊದಲು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ್ದ ಗ್ನೂ ಯೋಜನೆ, ಈ ಎರಡರ ಮೇಲೆ ಇವೆಲ್ಲ ನಿಂತಿವೆ. ಮಿಂಟ್ 22 ಓಡಲು 2 ಜಿಬಿ ರ‍್ಯಾಮ್ ಸಾಕು, ಆರಾಮವಾಗಿ ಓಡಲು 4 ಜಿಬಿ ಬೇಕು. ಅದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಟ್ಟರೆ ಅದು ಕಳ್ಳತನ ಆಗುವುದಿಲ್ಲ, ಅದರ ಲೈಸೆನ್ಸೇ ಆ ಹಕ್ಕನ್ನು ಕೊಡುತ್ತದೆ.

ಹಾಗಿದ್ದರೆ ಜನ ಯಾಕೆ ಹಾಕುವುದಿಲ್ಲ? ನನ್ನ ಮಟ್ಟಿಗೆ ಉತ್ತರ ಸರಳ. ಸಾಫ್ಟ್‌ವೇರ್ ಸಿಗುತ್ತದೆ, ಹೇಳಿಕೊಡುವ ಪುಟ ಸಿಗುವುದಿಲ್ಲ.

ಗೊತ್ತಿದ್ದವರು ಗೊತ್ತಿದ್ದವರಿಗಾಗಿ ಬರೆದದ್ದು

ಲಿನಕ್ಸ್ ಬಗ್ಗೆ ಬರಹವೇ ಇಲ್ಲ ಅಂತಲ್ಲ, ರಾಶಿ ಉಂಟು. ಲಿನಕ್ಸ್‌ಗೆ ಹಿರಿಯಣ್ಣನಂತಿರುವ ಯುನಿಕ್ಸ್‌ನ ಮೊದಲ ಕೈಪಿಡಿ 1971ರಲ್ಲೇ ಬಂದಿತ್ತು. ಇವತ್ತಿಗೂ ಲಿನಕ್ಸ್‌ನಲ್ಲಿ ಯಾವ ಆಜ್ಞೆಯ ಹಿಂದೆ 'ಮ್ಯಾನ್' ಎಂದು ಬರೆದರೂ ಅದರ ಪೂರ್ತಿ ವಿವರ ತೆರೆದುಕೊಳ್ಳುತ್ತದೆ. ಆದರೆ ಅದು ಡಿಕ್ಷನರಿ ಇದ್ದ ಹಾಗೆ. ಭಾಷೆ ಗೊತ್ತಿದ್ದವನಿಗೆ ಡಿಕ್ಷನರಿಯಷ್ಟು ಒಳ್ಳೆಯ ಪುಸ್ತಕ ಇನ್ನೊಂದಿಲ್ಲ. ಭಾಷೆ ಕಲಿಯಬೇಕಾದ ಮಗುವಿನ ಕೈಗೆ ಅದನ್ನು ಕೊಟ್ಟರೆ ಏನಾಗುತ್ತದೆ?

ದಾನಿಯೆಲೆ ಪ್ರೊಚಿದಾ ಎಂಬವರು ಈ ವಿಷಯವನ್ನೇ ಹಿಡಿದು ಕೆಲಸ ಮಾಡಿದ್ದಾರೆ. ಅವರ ಪ್ರಕಾರ ಕೈಪಿಡಿಯಲ್ಲಿ ನಾಲ್ಕು ಬಗೆ. ಕೈಹಿಡಿದು ಕಲಿಸುವುದು, ಒಂದು ನಿರ್ದಿಷ್ಟ ಕೆಲಸ ಮುಗಿಸಲು ದಾರಿ ಹೇಳುವುದು, ಬೇಕಾದಾಗ ತೆರೆದು ನೋಡುವ ವಿವರ, ಮತ್ತೆ ಯಾಕೆ ಹೀಗೆ ಎಂದು ಅರ್ಥ ಮಾಡಿಸುವುದು. ಉಬುಂಟುವಿನ ಕಂಪನಿಯಾದ ಕ್ಯಾನೊನಿಕಲ್ ಈಗ ತನ್ನ ಕೈಪಿಡಿಗಳನ್ನು ಈ ಲೆಕ್ಕದಲ್ಲೇ ಜೋಡಿಸುತ್ತಿದೆ. ನಾಲ್ಕನ್ನೂ ಒಂದೇ ಪುಟದಲ್ಲಿ ಕಲಸಿದರೆ ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ. ನಮಗೆ ಮೊದಲು ಬೇಕಾಗಿರುವುದು ಮೊದಲನೆಯದು. ಮಗು ನಡೆಯಲು ಕಲಿಯುವಾಗ ಯಾರೂ ಮೂಳೆಗಳ ಹೆಸರು ಹೇಳಿಕೊಡುವುದಿಲ್ಲವಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಎಷ್ಟೋ ಕಡೆ ಹೀಗೆ ಬರೆದಿರುತ್ತದೆ: "ಐಎಸ್‌ಒ ಡೌನ್‌ಲೋಡ್ ಮಾಡಿ, ಯುಎಸ್‌ಬಿಯಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡಿ." ಮೂರೇ ಮಾತು. ಇದನ್ನು ಓದಿದ ಉಮದಿ ಅಥವಾ ಸಂಖ ಕಡೆಯ ಹುಡುಗ ಮಾಡುವುದೇನು? ಆ ಫೈಲನ್ನು ಮಾಮೂಲಿ ಸಿನಿಮಾ ಹಾಕಿದ ಹಾಗೆ ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಾನೆ. ಆಮೇಲೆ ಬಂದು ಕೇಳುತ್ತಾನೆ: "ಸಾಹೇಬ್ರ, ಪೆನ್‌ಡ್ರೈವ್ ಹಾಕೀನಿ, ಮತ್ತ ವಿಂಡೋಸೇ ಬರಾಕತ್ತೇತಿ, ಮುಂದೇನ್ ಮಾಡ್ಲಿ?" ತಪ್ಪು ಹುಡುಗನದ್ದು ಅನ್ನುವ ಹಾಗಿಲ್ಲ. ಕಾಪಿ ಮಾಡಿದರೆ ಆಗುವುದಿಲ್ಲ, ರೂಫಸ್ ಅಥವಾ ಎಚರ್ ಎಂಬ ಸಣ್ಣ ಸಾಫ್ಟ್‌ವೇರಿನಿಂದ ಪೆನ್‌ಡ್ರೈವ್ ಮೇಲೆ "ಬರೆಯಬೇಕು", ಬರೆಯುವಾಗ ಅದರಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತದೆ ಎಂಬ ಎರಡು ವಾಕ್ಯ ಆ ಪುಟದಲ್ಲಿ ಇರಲಿಲ್ಲ. ಬರೆದವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನಿಸಿರಲಿಕ್ಕಿಲ್ಲ.

ಪಾಸ್‌ವರ್ಡ್ ವಿಷಯವೂ ಹಾಗೆಯೇ. ಉಬುಂಟು 24.04ರ ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಒತ್ತಿದರೆ ಪರದೆ ಮೇಲೆ ಏನೂ ಕಾಣುವುದಿಲ್ಲ, ಚುಕ್ಕೆಯೂ ಇಲ್ಲ, ನಕ್ಷತ್ರವೂ ಇಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಎದ್ದು ಹೋದವರು ಎಷ್ಟು ಮಂದಿಯೋ. "ಏನೂ ಕಾಣುವುದಿಲ್ಲ, ಹೆದರಬೇಡಿ, ಒತ್ತಿ ಎಂಟರ್ ಹೊಡೆಯಿರಿ" ಎಂಬ ಒಂದು ಸಾಲು ಇದ್ದರೆ ಮುಗಿಯಿತು.

ಕಾಸರಗೋಡಿನ ಮಕ್ಕಳಿಗೆ ಸಿಕ್ಕಿದ್ದು

ಕನ್ನಡದಲ್ಲಿ ಇದೆಲ್ಲ ಆಗುವ ಹೋಗುವ ಮಾತಲ್ಲ ಅನ್ನುವವರಿಗೆ ನಾನು ಮಂಜೇಶ್ವರ, ಉಪ್ಪಳ, ಕುಂಬಳೆಯ ಕನ್ನಡ ಮಾಧ್ಯಮದ ಶಾಲೆಗಳನ್ನು ತೋರಿಸುತ್ತೇನೆ. ನಮ್ಮ ಎಷ್ಟೋ ಬ್ಯಾರಿ ಮಕ್ಕಳೂ ಅಲ್ಲೇ ಓದುವುದು.

ಕೇರಳ ಸರಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರು ಮಾಡಿತು. ಅದೇ ವರ್ಷ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಭಾರತ ಶಾಖೆಯನ್ನು ಉದ್ಘಾಟಿಸಿದ್ದರು. ಮುಂದಿನ ಕೆಲವು ವರ್ಷಗಳಲ್ಲಿ ಶಾಲಾ ಲ್ಯಾಬುಗಳು ಒಂದೊಂದಾಗಿ ಗ್ನೂ ಲಿನಕ್ಸ್‌ಗೆ ಬಂದವು. ಎಸೆಸೆಲ್ಸಿಯ ಐಟಿ ಪರೀಕ್ಷೆ ಕೂಡ ಅದರ ಮೇಲೆಯೇ. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. 2019ರಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ತಮ್ಮದೇ ಲಿನಕ್ಸ್ ಹಾಕುವಾಗ, ಲೈಸೆನ್ಸಿನ ಖರ್ಚು ಒಂದು ಕಂಪ್ಯೂಟರಿಗೆ ಒಂದೂವರೆ ಲಕ್ಷದ ಲೆಕ್ಕದಲ್ಲಿ ಸುಮಾರು 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಕೈಟ್ ಮುಖ್ಯಸ್ಥ ಕೆ. ಅನ್ವರ್ ಸಾದತ್ ಹೇಳಿದ್ದರು. ಆ ಒಂದೂವರೆ ಲಕ್ಷದಲ್ಲಿ ವಿಂಡೋಸ್ ಒಂದೇ ಅಲ್ಲ, ಚಿತ್ರ ಬಿಡಿಸುವುದರಿಂದ ಹಿಡಿದು ನಕ್ಷೆ ಮಾಡುವ ತನಕ ಬೇಕಾಗುವ ಎಲ್ಲ ಸಾಫ್ಟ್‌ವೇರ್ ಸೇರಿವೆ. ಅಂದಾಜು ದೊಡ್ಡದು ಅನ್ನಿಸಿದರೂ, ಅದರ ಹತ್ತನೇ ಒಂದು ಭಾಗ ಉಳಿದರೂ ಸಣ್ಣ ಮೊತ್ತವಲ್ಲ.

ನನಗೆ ದುಡ್ಡಿಗಿಂತ ದೊಡ್ಡದಾಗಿ ಕಾಣುವುದು ಪುಸ್ತಕ. ಕೇರಳದ ಐಟಿ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳು, ಮತ್ತೆ ನಮ್ಮ ಕನ್ನಡದಲ್ಲೂ ಬರುತ್ತವೆ. ಯಾಕೆಂದರೆ ಕಾಸರಗೋಡಿನ ಮಗುವಿಗೆ ಪರೀಕ್ಷೆ ಉಂಟು, ಪರೀಕ್ಷೆ ಇದ್ದ ಮೇಲೆ ಪುಸ್ತಕ ಕೊಡಲೇಬೇಕು. ಜಿಂಪ್‌ನಲ್ಲಿ ಫೋಟೋ ಸರಿಮಾಡುವುದು, ಇಂಕ್‌ಸ್ಕೇಪ್‌ನಲ್ಲಿ ಚಿತ್ರ ಬಿಡಿಸುವುದು, ಲಿಬ್ರೆ ಆಫೀಸ್‌ನಲ್ಲಿ ಪತ್ರ, ಲೆಕ್ಕ, ಪೈಥಾನ್‌ನಲ್ಲಿ ಮೊದಲ ಪ್ರೋಗ್ರಾಂ, ಇವೆಲ್ಲ ಶಾಲೆಯ ಪಾಠ. ಕರ್ನಾಟಕದ ಕನ್ನಡದ ಹುಡುಗನಿಗಿಂತ ಕೇರಳದ ಕನ್ನಡದ ಹುಡುಗನಿಗೆ ಲಿನಕ್ಸ್ ಹತ್ತಿರ. ವಿಚಿತ್ರ, ಅಲ್ವಾ?

ಆದರೆ ಆ ಪುಸ್ತಕವನ್ನೇ ತಂದು ಜತ್ತದಲ್ಲಿ ಕೊಟ್ಟರೆ ಸಾಕಾಗುವುದಿಲ್ಲ. ಕಾಸರಗೋಡಿನ ಮಗು ಲ್ಯಾಬಿಗೆ ಬರುವ ಹೊತ್ತಿಗೆ ಲಿನಕ್ಸ್ ಆಗಲೇ ಹಾಕಿ ತಯಾರಿರುತ್ತದೆ, ಪಕ್ಕದಲ್ಲಿ ಟೀಚರ್ ಇರುತ್ತಾರೆ. 2018ರಿಂದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ತಂಡವೂ ಹೈಸ್ಕೂಲುಗಳಲ್ಲಿ ಇದೆ. ಇಲ್ಲಿನ ಹುಡುಗನಿಗೆ ಅದ್ಯಾವುದೂ ಇಲ್ಲ.

ಜತ್ತ ತಾಲೂಕಿನ ಪೂರ್ವಭಾಗ ಪೂರ್ತಿ ಕನ್ನಡ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಕರ್ನಾಟಕದಿಂದ ಜನ ನಡೆದು ಬರುವ ಊರುಗಳಿವು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಪುಣೆಯ ಬಾಲಭಾರತಿ ಅವುಗಳಿಗೆ ಕನ್ನಡದಲ್ಲಿ ಪುಸ್ತಕ ಅಚ್ಚು ಮಾಡುತ್ತದೆ. ಆದರೆ ಸರಕಾರಿ ನೌಕರಿ ಬೇಕು ಅಂದರೆ ಎಂಎಸ್-ಸಿಐಟಿ ಕೋರ್ಸ್ ಮಾಡಬೇಕು. ಅಲ್ಲಿ ಕಲಿಸುವುದು ವಿಂಡೋಸ್ ಮತ್ತು ಮೈಕ್ರೋಸಾಫ್ಟ್ ಆಫೀಸ್, ಕಲಿಸುವ ಭಾಷೆ ಕನ್ನಡವಲ್ಲ. ಕನ್ನಡದಲ್ಲಿ ಲಿನಕ್ಸ್ ಹೇಳಿಕೊಡುವ ಪುಸ್ತಕ ಇಲ್ಲಿ ಯಾರ ಕೈಯಲ್ಲೂ ನಾನು ಕಂಡಿಲ್ಲ. ನೀರಿಗೂ ಗಡಿಗೂ ಸಂಬಂಧಿಸಿದ ಜತ್ತದ ಜಗಳ 2022ರಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದು ದೊಡ್ಡವರ ವಿಷಯ. ಒಂದು ಕಂಪ್ಯೂಟರ್ ಪುಸ್ತಕಕ್ಕೆ ಗಡಿ ಯಾಕೆ ಬೇಕು?

ಇಲ್ಲಿಗಾಗಿ ಬರೆಯುವುದಾದರೆ

ಇಂಥ ಊರಿಗಾಗಿ ಬರೆಯುವ ಪುಟದಲ್ಲಿ, ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಕುಳಿತು ಬರೆದವರಿಗೆ ಹೊಳೆಯದ ಕೆಲವು ಮಾತು ಇರಬೇಕು.

ಮೊದಲನೆಯದು ಡೇಟಾ. ಮಿಂಟ್‌ನ ಫೈಲ್ ಸುಮಾರು 3 ಜಿಬಿ. ದಿನಕ್ಕೆ ಒಂದೂವರೆ, ಎರಡು ಜಿಬಿಯ ಪ್ಯಾಕ್ ಇರುವವನು ಅದನ್ನು ಒಂದೇ ದಿನ ಇಳಿಸುವುದು ಹೇಗೆ? ವೈಫೈ ಇರುವ ಒಬ್ಬರು ಇಳಿಸಿ, 8 ಜಿಬಿಯ ಪೆನ್‌ಡ್ರೈವ್ ಮೇಲೆ ಬರೆದು, ಕೈಯಿಂದ ಕೈಗೆ ದಾಟಿಸುವುದೇ ಸರಿ. ಇಂಟರ್ನೆಟ್ ಇಷ್ಟು ಹರಡದ ಕಾಲದಲ್ಲಿ ಕ್ಯಾನೊನಿಕಲ್ ಕೂಡ ಕೇಳಿದವರ ಮನೆಗೆ ಉಬುಂಟು ಸಿಡಿಯನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿತ್ತು, 2011ರವರೆಗೆ.

ಇನ್ನೊಂದು ಕರೆಂಟ್. ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಲೋಡ್ ಶೆಡ್ಡಿಂಗ್ ಇಲ್ಲದ ಹೊತ್ತು ನೋಡಿ ಕೂರಬೇಕು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಶುರು ಮಾಡಬೇಕು.

ಮತ್ತೆ, ಆ ಪುಟವನ್ನು ಓದುವುದು ಎಲ್ಲಿಂದ? ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿರುವಾಗ ಅದರೊಳಗಿನ ಪಿಡಿಎಫ್ ಓದಲು ಬರುವುದಿಲ್ಲ. ಆದ್ದರಿಂದ ಒಂದೋ ಎರಡು ಹಾಳೆ ಪ್ರಿಂಟ್, ಇಲ್ಲ ಮೊಬೈಲ್‌ನಲ್ಲಿ ಓದಲು ಬರುವ ದಪ್ಪ ಅಕ್ಷರದ ಪಿಡಿಎಫ್. ಅದು ವಾಟ್ಸಾಪ್‌ನಲ್ಲಿ ದಾಟುವಷ್ಟು ಹಗುರ ಇರಬೇಕು.

ಈಗ ಆ ಪುಟ ಹೇಗಿದ್ದರೆ ಚೆನ್ನ ಎಂದು ನಾನೇ ಸ್ವಲ್ಪ ಬರೆಯುತ್ತೇನೆ, ಮಿಂಟ್ ಇಟ್ಟುಕೊಂಡು.

ನಿಮ್ಮ ಫೋಟೋ, ಬಿಲ್, ಕಾಗದಪತ್ರ ಎಲ್ಲವನ್ನೂ ಮೊದಲು ಬೇರೊಂದು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಇದನ್ನು ಮಾಡದೆ ಮುಂದಿನ ಸಾಲು ಓದಬೇಡಿ. ಕಂಪ್ಯೂಟರ್ ಆಫ್ ಮಾಡಿ, ಮಿಂಟ್ ಬರೆದ ಪೆನ್‌ಡ್ರೈವ್ ಸಿಕ್ಕಿಸಿ. ಆನ್ ಮಾಡಿದ ಕೂಡಲೇ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಕೀಯನ್ನು ಟಪಟಪ ಒತ್ತುತ್ತಾ ಇರಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಎಂಬ ಕೀ ಹಿಡಿದುಕೊಂಡು ಒತ್ತಬೇಕು. ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಪೆನ್‌ಡ್ರೈವ್ ಹೆಸರನ್ನು ಆರಿಸಿ ಎಂಟರ್ ಹೊಡೆಯಿರಿ. ಸ್ವಲ್ಪ ಹೊತ್ತಿನಲ್ಲಿ ಮಿಂಟ್‌ನ ಪರದೆ ಕಾಣುತ್ತದೆ.

ಇಲ್ಲಿಗೆ ನಿಲ್ಲಿ. ಈಗ ಓಡುತ್ತಿರುವುದು ಪೆನ್‌ಡ್ರೈವ್‌ನಿಂದ. ನಿಮ್ಮ ಹಳೆ ವಿಂಡೋಸ್‌ಗೆ ಏನೂ ಆಗಿಲ್ಲ. ವೈಫೈ ಹಿಡಿಯುತ್ತದಾ, ಶಬ್ದ ಬರುತ್ತದಾ, ಪ್ರಿಂಟರ್ ಕೆಲಸ ಮಾಡುತ್ತದಾ ನೋಡಿ. ಒಂದು ದಿನ ಬೇಕಾದರೂ ಹೀಗೆಯೇ ಆಡಿ ನೋಡಬಹುದು. ಹಿಡಿಸಲಿಲ್ಲ ಅಂದರೆ ಆಫ್ ಮಾಡಿ, ಪೆನ್‌ಡ್ರೈವ್ ತೆಗೆಯಿರಿ, ಮೊದಲಿನಂತೆ ವಿಂಡೋಸ್ ಬರುತ್ತದೆ. ಹಿಡಿಸಿದರೆ ಪರದೆ ಮೇಲೆ ಕಾಣುವ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಒತ್ತಿ. ಮುಂದೆ ಒಂದು ಕಡೆ ಅದು ಕೇಳುತ್ತದೆ: ವಿಂಡೋಸ್ ಪಕ್ಕದಲ್ಲಿ ಹಾಕಲೋ, ಡಿಸ್ಕ್ ಪೂರ್ತಿ ಅಳಿಸಿ ಹಾಕಲೋ? 'ಇರೇಸ್' ಎಂಬ ಪದ ಇರುವ ಆಯ್ಕೆ ಒತ್ತಿದರೆ ಡಿಸ್ಕಿನಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಮೊದಲ ಸಲ ಹಾಕುವವರು ಮನೆಯಲ್ಲಿ ಹಿರಿಯರನ್ನು ಕೇಳಿಯೇ ಅದನ್ನು ಒತ್ತಿ, ಅಪ್ಪನ ಅಂಗಡಿಯ ಲೆಕ್ಕ ಅದರಲ್ಲಿರಬಹುದು.

ಹಾಕಿ ಮುಗಿದ ಮೇಲೆ ಕೆಳಗೆ ಬಲಬದಿಯಲ್ಲಿ ಗುರಾಣಿಯ ಗುರುತು ಇರುತ್ತದೆ, ಅಪ್‌ಡೇಟ್ ಅಲ್ಲಿ. ಟೈಮ್‌ಶಿಫ್ಟ್ ಎಂಬುದು ಸಿಸ್ಟಮ್ ಕೆಟ್ಟರೆ ಹಿಂದಿನ ಸ್ಥಿತಿಗೆ ತರುತ್ತದೆ, ಆದರೆ ನಿಮ್ಮ ಫೋಟೋಗಳನ್ನು ಅದು ಕಾಯುವುದಿಲ್ಲ. ಈ ಕೊನೆಯ ಮಾತನ್ನು ಎಷ್ಟೋ ಕಡೆ ಬರೆದಿರುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಬರೆಯುವುದು ಅಂದರೆ ಎಲ್ಲ ಪದವನ್ನೂ ಕನ್ನಡಕ್ಕೆ ತಿರುಗಿಸುವುದು ಅಂತ ನಾನು ಒಪ್ಪುವುದಿಲ್ಲ. ಕಡತಕೋಶ ಅಂದರೆ ಜತ್ತದ ಹುಡುಗನಿಗೂ ಗೊತ್ತಾಗುವುದಿಲ್ಲ, ಬಂಟ್ವಾಳದ ಹುಡುಗನಿಗೂ ಗೊತ್ತಾಗುವುದಿಲ್ಲ. ಫೋಲ್ಡರ್ ಅನ್ನಿ. ಪರದೆ ಮೇಲೆ ಯಾವ ಪದ ಕಾಣುತ್ತದೋ ಪುಟದಲ್ಲೂ ಅದೇ ಇರಬೇಕು, ಅದರ ಉಚ್ಚಾರ ಕನ್ನಡದಲ್ಲಿ ಇದ್ದರೆ ಸಾಕು. ಮಿಂಟ್ ಹಾಕುವಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಉಂಟು, ಸ್ವಯಂಸೇವಕರು ವರ್ಷಗಟ್ಟಲೆ ಕೂತು ಮಾಡಿದ ಅನುವಾದ ಅದು, ಗೌರವ ಇದೆ. ಆದರೆ ಅರ್ಧ ಮೆನು ಕನ್ನಡ, ಅರ್ಧ ಇಂಗ್ಲಿಷ್ ಬಂದು ಹೊಸಬರಿಗೆ ಗಲಿಬಿಲಿ. ಮೆನು ಇಂಗ್ಲಿಷಿನಲ್ಲೇ ಇರಲಿ, ಟೈಪಿಂಗ್ ಕನ್ನಡದಲ್ಲಿ ಆಗಲಿ ಎಂಬುದು ನನ್ನ ಸಲಹೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ಎಂಬ ವಿನ್ಯಾಸ ಇದೆ, ನುಡಿಯಲ್ಲಿ ಟೈಪ್ ಕಲಿತವರಿಗೆ ಹತ್ತಿರ. ಅಲ್ಲೇ ಮರಾಠಿ, ಉರ್ದು ಕೂಡ ಸೇರಿಸಿಕೊಳ್ಳಬಹುದು. ಜತ್ತದ ಅಂಗಡಿಗೆ ನಾಲ್ಕೂ ಬೇಕು. ನಮ್ಮ ಬ್ಯಾರಿ ಭಾಷೆಗೆ ಅಕಾಡೆಮಿ 2020ರಲ್ಲಿ ಹೊಸ ಲಿಪಿ ತಂದಿದ್ದರೂ ನಾವು ಮೆಸೇಜ್ ಬರೆಯುವುದು ಈಗಲೂ ಕನ್ನಡ ಅಕ್ಷರದಲ್ಲೇ. ಹಾಗಾಗಿ ಕನ್ನಡ ಸರಿಯಾದರೆ ಬ್ಯಾರಿಯೂ ಸರಿಯಾಯಿತು.

ಆಗದ್ದನ್ನು ಆಗದು ಎಂದು ಬರೆಯದ ಕೈಪಿಡಿಯನ್ನು ನಾನು ನಂಬುವುದಿಲ್ಲ. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು, ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಟ್ಯಾಲಿ ಮೇಲೆ ಪೂರ್ತಿ ನಿಂತ ಅಂಗಡಿಯವರು ಆ ಒಂದು ಕಂಪ್ಯೂಟರನ್ನು ಮುಟ್ಟಲು ಹೋಗಬೇಡಿ. ಜಿಎಸ್‌ಟಿ ಪೋರ್ಟಲ್ ಬ್ರೌಸರಿನಲ್ಲಿ ತೆರೆಯುತ್ತದೆ, ಒಟಿಪಿ ಹಾಕಿ ರಿಟರ್ನ್ ಸಲ್ಲಿಸುವವರಿಗೆ ತೊಂದರೆ ಇಲ್ಲ. ಸಣ್ಣ ಲೆಕ್ಕಕ್ಕೆ ಲಿಬ್ರೆ ಆಫೀಸ್ ಕ್ಯಾಲ್ಕ್ ಸಾಕು, ಜಮೆ-ಖರ್ಚು ಪದ್ಧತಿಪ್ರಕಾರ ಬೇಕು ಅಂದರೆ ಗ್ನೂಕ್ಯಾಶ್ ಇದೆ. ಎಚ್‌ಪಿ ಪ್ರಿಂಟರ್ ಹೆಚ್ಚಾಗಿ ತಾನಾಗಿ ಹಿಡಿಯುತ್ತದೆ. ಬಿಲ್ ಹೊಡೆಯುವ ಸಣ್ಣ ಥರ್ಮಲ್ ಪ್ರಿಂಟರ್, ಆಧಾರ್ ಬೆರಳಚ್ಚಿನ ಯಂತ್ರ ಇದ್ದವರು ಪೆನ್‌ಡ್ರೈವ್‌ನಿಂದ ಓಡಿಸಿ ಪರೀಕ್ಷೆ ಮಾಡದೆ ಬದಲಾಯಿಸಬೇಡಿ. ಇನ್ನು ಮಸೀದಿ, ಮದ್ರಸ, ಜಮಾಅತಿನ ಹಳೆ ನೋಟಿಸು, ರಿಜಿಸ್ಟರುಗಳು ನುಡಿಯ ಹಳೆ ಫಾಂಟ್‌ನಲ್ಲಿ ಇರುತ್ತವೆ. ಅವು ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ. ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ವಿಂಡೋಸ್ ತೆಗೆಯುವ ಮೊದಲೇ ಆ ಕೆಲಸ ಮುಗಿಸಬೇಕು.

ಕನ್ನಡದಲ್ಲಿ ಯಾರೂ ಪ್ರಯತ್ನ ಮಾಡಿಲ್ಲ ಅಂದರೆ ಅನ್ಯಾಯವಾಗುತ್ತದೆ. ಓಂ ಶಿವಪ್ರಕಾಶ್ ಅವರು 'ಲಿನಕ್ಸಾಯಣ' ಎಂಬ ಹೆಸರಿನಲ್ಲಿ ಹೊಸಬರಿಗಾಗಿಯೇ ಕಂತು ಕಂತಾಗಿ ಬರೆದಿದ್ದಾರೆ. ಇಂಗ್ಲಿಷಿನಲ್ಲಿ 2010ರಲ್ಲಿ ಸ್ವಯಂಸೇವಕರು ಸೇರಿ ಉಬುಂಟು 10.04ಕ್ಕೆ ಮೊದಲ ಹೆಜ್ಜೆಯ ಪುಸ್ತಕ ಮಾಡಿ ಪುಕ್ಕಟೆ ಹಂಚಿದರು. ಕಷ್ಟ ಇರುವುದು ಮುಂದುವರಿಸುವುದರಲ್ಲಿ. ಎರಡು ವರ್ಷಕ್ಕೊಮ್ಮೆ ಉಬುಂಟುವಿನ ಹೊಸ ದೀರ್ಘಾವಧಿ ಆವೃತ್ತಿ ಬರುತ್ತದೆ, ಬಟನ್ ಜಾಗ ಬದಲಾಗುತ್ತದೆ, ಹಳೆ ಪುಟದ ಚಿತ್ರಕ್ಕೂ ಪರದೆಗೂ ತಾಳೆ ಆಗುವುದಿಲ್ಲ. ಅದಕ್ಕೇ ಪ್ರತಿ ಪುಟದ ತಲೆಯಲ್ಲಿ ಇದು ಯಾವ ಆವೃತ್ತಿಗೆ, ಯಾವ ತಿಂಗಳು ಬರೆದದ್ದು ಎಂದು ಹಾಕಬೇಕು.

ಬರೆಯುವ ಕೆಲಸಕ್ಕೆ ಇಂಜಿನಿಯರೇ ಬೇಕು ಅಂತಿಲ್ಲ. ಹೋದ ವಾರ ಮೊದಲ ಸಲ ಲಿನಕ್ಸ್ ಹಾಕಿದ ಹುಡುಗ ಅಥವಾ ಹುಡುಗಿ ಇದಕ್ಕೆ ಹೆಚ್ಚು ತಕ್ಕವರು, ಯಾಕೆಂದರೆ ಎಲ್ಲಿ ಎಡವಿದೆವು ಎಂಬುದು ಅವರಿಗಿನ್ನೂ ನೆನಪಿರುತ್ತದೆ. ಮಂಗಳೂರು, ಕೊಣಾಜೆ, ದೇರಳಕಟ್ಟೆ ಕಡೆ ಕಾಲೇಜಿಗೆ ಹೋಗುವ ನಮ್ಮ ಮಕ್ಕಳಲ್ಲಿ ಲಿನಕ್ಸ್ ಬಳಸುವವರು ಇದ್ದಾರೆ. ಮದ್ರಸ ರಜೆಯಲ್ಲಿ ಇಬ್ಬರು ಕೂತರೆ, ಒಬ್ಬರು ಮಾಡುತ್ತಾ ಹೋಗುವುದು, ಇನ್ನೊಬ್ಬರು ಕೈ ನಿಂತಲ್ಲೆಲ್ಲ ಬರೆದುಕೊಳ್ಳುವುದು, ಪರದೆಯ ಫೋಟೋ ತೆಗೆಯುವುದು. ಬರೆದದ್ದನ್ನು ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ನಿಂತು ನೋಡಬೇಕು. ಅವರು ಎಲ್ಲಿ ತಲೆ ಎತ್ತಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಸಾಲು ಕಡಿಮೆಯಾಗಿದೆ ಅಂತ ಅರ್ಥ. ಬೇರೆಯವರು ಪ್ರತಿ ಮಾಡಿ, ತಿದ್ದಿ, ಹಂಚಲು ಬರುವ ಹಾಗೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಎಂದು ಕೆಳಗೆ ಬರೆದಿಡಿ, ಆಗ ಜತ್ತದವರು ಕರೆಂಟಿನ ಸಾಲು ಸೇರಿಸಿಕೊಳ್ಳುತ್ತಾರೆ, ಮಂಜೇಶ್ವರದವರು ತಮಗೆ ಬೇಕಾದದ್ದನ್ನು. ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಫೈಲನ್ನೂ ಅದೇ ಪೆನ್‌ಡ್ರೈವ್‌ನಲ್ಲಿ ಹಾಕಿಡಲು ಮರೆಯಬೇಡಿ.